ಉದ್ದು ಹಿಡಿದುಕೊಂಡು ಬಂದ ಡಿಸ್ಟ್ರಿಬ್ಯೂಟರ್

ನಮ್ಮ ದೋಸೆಗೆ ಎಷ್ಟು ಸ್ಟಾರ್, ಚಟ್ನಿಗೆ ಉಪ್ಪು ಸಾಕಾ ಎಂದು ಊರವರೆಲ್ಲ ಬರೆಯುತ್ತಾರೆ. ಹೋಟೆಲಿಗೆ ಸಾಮಾನು ಹಾಕುವವರ ಬಗ್ಗೆ ಮಾತ್ರ ಯಾರೂ ಬರೆಯುವುದಿಲ್ಲ. ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಸೀತಾಂಗೋಳಿ ಕಡೆ ಗೋದಾಮು ಇಟ್ಟುಕೊಂಡು ಕುಂಬಳೆ, ಬದಿಯಡ್ಕ, ಮುಳ್ಳೇರಿಯಾ, ಪೆರ್ಲ ಲೈನಿನ ಹೋಟೆಲುಗಳಿಗೆ ಅಕ್ಕಿ, ಬೇಳೆ, ಎಣ್ಣೆ, ಮೈದಾ, ಮಸಾಲೆ ಹಾಕುವ ಒಬ್ಬ ಡಿಸ್ಟ್ರಿಬ್ಯೂಟರ್ ಬಗ್ಗೆ ಈ ಬರಹ. ಹೊಗಳಿಕೆಯ ಜೊತೆಗೆ ದೂರುಗಳೂ ಇರುವುದರಿಂದ ಹೆಸರು ಹಾಕುತ್ತಿಲ್ಲ. ಈ ಲೈನಿನಲ್ಲಿ ಹೋಟೆಲ್ ಇಟ್ಟವರಿಗೆ ಹೆಸರು ಹೇಳಬೇಕಾಗಿಯೂ ಇಲ್ಲ.

ನಮ್ಮದು ಪೆರ್ಲ ಪೇಟೆಯಲ್ಲಿ ಸಣ್ಣ ಸಸ್ಯಾಹಾರಿ ಹೋಟೆಲ್. ಬೆಳಿಗ್ಗೆ ಇಡ್ಲಿ, ನೀರುದೋಸೆ, ಬನ್ಸ್, ಸಜ್ಜಿಗೆ-ಬಜಿಲು. ಮಧ್ಯಾಹ್ನ ಕುಚ್ಚಲಕ್ಕಿ ಊಟ. ಸಂಜೆ ಗೋಳಿಬಜೆ, ಚಾ. ನಮ್ಮವರು ಒಲೆಯ ಹತ್ತಿರ, ನಾನು ಗಲ್ಲೆಯಲ್ಲಿ. ಸಾಮಾನು ತರಿಸುವುದು, ಬಿಲ್ಲು ನೋಡುವುದು, ದುಡ್ಡು ಹೊಂದಿಸುವುದು ಎಲ್ಲ ನನ್ನ ತಲೆಗೆ. ಹಾಗಾಗಿ ಅಭಿಪ್ರಾಯವೂ ನನ್ನದೇ: ಹೊಸ ಗಿರಾಕಿಯನ್ನು ಹಿಡಿಯುವ ವಿದ್ಯೆ ಇವರಿಗೆ ಬಹಳ ಚೆನ್ನಾಗಿ ಗೊತ್ತುಂಟು. ಹಿಡಿದ ಗಿರಾಕಿಯನ್ನು ನೋಡಿಕೊಳ್ಳುವುದರಲ್ಲಿ ಅಷ್ಟಕ್ಕಷ್ಟೆ. ಆದರೂ ನಾನಿನ್ನೂ ಬಿಟ್ಟಿಲ್ಲ.

ಪೆರ್ಲದವರಿಗೆ ಪೇಟೆ ಎಂದರೆ ಕಾಸರಗೋಡಿಗಿಂತ ಹೆಚ್ಚಾಗಿ ವಿಟ್ಲ, ಪುತ್ತೂರು. ಚೆರ್ಕಳ-ಕಲ್ಲಡ್ಕ ರಸ್ತೆಯಲ್ಲಿ ಅಡ್ಕಸ್ಥಳ ದಾಟಿದರೆ ಆಚೆ ಕರ್ನಾಟಕ. ನಮ್ಮ ಮಾವನವರ ಕಾಲದಿಂದಲೂ ಬೇಳೆ, ಬೆಲ್ಲ ಎಲ್ಲ ಆಚೆಯಿಂದಲೇ ಬರುತ್ತಿತ್ತು, ಮಂಗಳೂರು ಬಂದರಿನ ಮಂಡಿಯಿಂದ ವಿಟ್ಲಕ್ಕೆ, ವಿಟ್ಲದಿಂದ ನಮಗೆ. ಸಾಲ ಬೇಕೆಂದರೆ ಸಾಲ, ಮಾತಿಗೆ ಮಾತು, ಎಲ್ಲ ಸರಿ ಇತ್ತು. 2020ರ ಮಾರ್ಚಿನಲ್ಲಿ ಕೊರೋನಾ ಎಂದು ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದರಲ್ಲ, ನಮ್ಮ ಕಡೆಯ ದಾರಿಗಳೂ ಬಂದ್ ಆದವು. ಪಾರ್ಸೆಲ್ ಮಾತ್ರ ಕೊಡುತ್ತಿದ್ದ ಆ ದಿನಗಳಲ್ಲಿ ಹೋಟೆಲು ಈಚೆ, ಉದ್ದು ಆಚೆ. ಅಂದಿನಿಂದ ನನ್ನ ಮಟ್ಟಿಗೆ ಒಂದು ನಿಯಮ: ಸಾಮಾನು ಹಾಕುವವರು ಗಡಿಯ ಎರಡೂ ಬದಿಯಲ್ಲಿ ಒಬ್ಬೊಬ್ಬರು ಇರಲೇಬೇಕು.

ನಿಯಮ ಮಾಡಿದ್ದು ಸುಲಭ, ಈಚೆ ಬದಿಯಲ್ಲಿ ಜನ ಸಿಕ್ಕುವುದು ಕಷ್ಟ. ಸೇಲ್ಸ್‌ನವರು ಬರುವುದೇ ಬೆಳಿಗ್ಗೆ ಒಂಬತ್ತಕ್ಕೆ, ಗಲ್ಲೆಯ ಮುಂದೆ ಚಿಲ್ಲರೆಗೆ ಜನ ನಿಂತಿರುವಾಗ. ರೇಟ್ ಲಿಸ್ಟ್ ಇಡುವುದು, 'ನೀವೀಗ ತರಿಸುವವರಿಗಿಂತ ಎರಡು ರೂಪಾಯಿ ಕಮ್ಮಿ ಮಾಡಿ ಕೊಡ್ತೇವೆ' ಎನ್ನುವುದು, ಹೋಗುವುದು. ನಾನೀಗ ಯಾರ ಹತ್ತಿರ ತರಿಸುತ್ತೇನೆ, ಎಷ್ಟಕ್ಕೆ ತರಿಸುತ್ತೇನೆ ಎಂದು ಕೇಳಿದವರೇ ಇಲ್ಲ. ಮತ್ತೆ ಎರಡು ರೂಪಾಯಿ ಕಮ್ಮಿ ಯಾವ ಲೆಕ್ಕದಲ್ಲಿ ಮಾರಾಯ್ರೇ?

ಇವರ ಹುಡುಗ ಬಂದದ್ದು ಮಧ್ಯಾಹ್ನ ಮೂರೂವರೆಗೆ. ಊಟದ ಎಲೆಯೆಲ್ಲ ತೆಗೆದು ಗೋಳಿಬಜೆಗೆ ಎಣ್ಣೆ ಇಡುವುದಕ್ಕೆ ಮೊದಲು ನಮಗೆ ಸ್ವಲ್ಪ ಉಸಿರು ಬಿಡಲು ಪುರಸೊತ್ತಾಗುವ ಹೊತ್ತು. ಒಂದು ಚಾ ಕುಡಿದ, ಬೇಡವೆಂದರೂ ದುಡ್ಡು ಕೊಟ್ಟ. ಆಮೇಲೆ ಕೇಳಿದ, "ಅಕ್ಕಾ, ರೇಟು ಮತ್ತೆ ಹೇಳ್ತೇನೆ. ನಿಮಗೆ ಈಗ ಯಾವ ಸಾಮಾನಿನಲ್ಲಿ ತಲೆಬಿಸಿ ಉಂಟು?"

ಹೀಗೆ ಕೇಳಿದವರು ಮೊದಲು ಯಾರೂ ಇರಲಿಲ್ಲ. ಉದ್ದು ಎಂದೆ. ಬಾಯಿಗೆ ಬಂದದ್ದೇ ಅದು, ಆ ತಿಂಗಳಿಡೀ ಇಡ್ಲಿ ಕಲ್ಲಾಗಿ ನನಗೂ ನಮ್ಮವರಿಗೂ ದಿನಾ ಜಗಳ.

ಹೋಟೆಲಿನವರಿಗೆ ಗೊತ್ತು, ಉದ್ದಿನಲ್ಲಿ ಕಣ್ಣಿಗೆ ಕಾಣುವುದು ಏನೂ ಇಲ್ಲ. ಗುಂಡು ಉದ್ದು ಬೆಳ್ಳಗೆ ಹೊಳೆಯುತ್ತಿರುತ್ತದೆ, ಅರೆದರೆ ಉಬ್ಬುವುದಿಲ್ಲ. ಹಳೆ ದಾಸ್ತಾನನ್ನು ಹೊಸ ಬೆಳೆಗೆ ಬೆರೆಸಿರುತ್ತಾರೆ. ನಮ್ಮ ದೇಶದಲ್ಲಿ ಬೆಳೆಯುವುದು ಸಾಲದೆ ಬರ್ಮಾದಿಂದಲೂ ತುಂಬ ಉದ್ದು ಬರುತ್ತದೆ, ಅದರಲ್ಲೇ ಬೇರೆ ಬೇರೆ ದರ್ಜೆ. ಮಿಲ್ಲಿನಲ್ಲಿ ಸಿಪ್ಪೆ ತೆಗೆದು ಪಾಲಿಶ್ ಮಾಡಿದ ಮೇಲೆ ಯಾವುದು ಎಲ್ಲಿಯದೆಂದು ನೋಡಿ ಹೇಳಲು ನಮ್ಮಿಂದಾಗದು. ಗ್ರೈಂಡರಿಗೆ ಹಾಕಿದ ಮೇಲೆಯೇ ಬಣ್ಣ ಬಯಲು.

ಮರುದಿನ ಅದೇ ಹೊತ್ತಿಗೆ ಹುಡುಗ ಎರಡು ಕಿಲೋ ಉದ್ದು ಹಿಡಿದುಕೊಂಡು ಬಂದ. "ಇದರಲ್ಲಿ ಒಂದು ಕಿಲೋ, ನಿಮ್ಮದರಲ್ಲಿ ಒಂದು ಕಿಲೋ ಒಟ್ಟಿಗೇ ನೆನೆಹಾಕಿ, ಬೇರೆ ಬೇರೆ ಅರೆಯಿರಿ. ನಾನು ಸಂಜೆ ಬರ್ತೇನೆ" ಎಂದು ಬದಿಯಡ್ಕಕ್ಕೆ ಹೋದ. ನಮ್ಮವರಿಗೆ ಇಂಥ ಪರೀಕ್ಷೆ ಎಂದರೆ ಅಸಡ್ಡೆ. 'ಉದ್ದು ಅರೆಯಲು ಇವನ ಹತ್ತಿರ ಕಲಿಯಬೇಕಾ' ಎಂದರು. ಆದರೂ ನೆನೆಹಾಕಿದರು.

ನಮ್ಮ ಹಳೆ ಉದ್ದು ಮೊದಲು ಅರೆದೆವು. ನೀರು ಕುಡಿಯುವುದೇ ಇಲ್ಲ, ಸ್ವಲ್ಪ ಹೊತ್ತಿಗೆ ಹಿಟ್ಟು ಬಿಸಿಯಾಯಿತು, ಫ್ರಿಜ್ಜಿನ ನೀರು ಚಿಮುಕಿಸಿದರೂ ಅಂಟು ಅಂಟಾಗಿ ಕಲ್ಲಿಗೆ ಹಿಡಿಯುತ್ತಿತ್ತು. ಅವನದ್ದು ಹಾಕಿದ ಮೇಲೆ ಗ್ರೈಂಡರಿನ ಸದ್ದೇ ಬೇರೆ. ಚೊಂಬಿನಿಂದ ಕೈಯಷ್ಟು ಕೈಯಷ್ಟೇ ನೀರು ಹಾಕುತ್ತಾ ಹೋದರೆ ಕುಡಿಯುತ್ತಲೇ ಇತ್ತು, ಹಿಟ್ಟು ಡ್ರಮ್ಮಿನ ಬದಿಯಿಂದ ಎದ್ದು ಎದ್ದು ಮಗುಚುತ್ತಿತ್ತು. ಎರಡನ್ನೂ ಒಂದೇ ಅಳತೆಯ ಸ್ಟೀಲ್ ಪಾತ್ರೆಗೆ ತೆಗೆದಾಗ ಅವನದ್ದು ಮೂರು ಬೆರಳು ಮೇಲೆ. ನಮ್ಮವರು ಒಂದು ಲೋಟ ನೀರಿಗೆ ಎರಡರಿಂದಲೂ ಚಿಟಿಕೆ ಚಿಟಿಕೆ ಹಾಕಿ ನೋಡಿದರು. ಚೆನ್ನಾಗಿ ಅರೆದ ಉದ್ದಿನ ಹಿಟ್ಟು ತೇಲಬೇಕು. ಒಂದು ತೇಲಿತು, ಇನ್ನೊಂದು ಅಡಿಗೆ ಹೋಗಿ ಕುಳಿತಿತು. ಮಾತೇನೂ ಆಡಲಿಲ್ಲ. ಹುಡುಗ ಸಂಜೆ ಬಂದಾಗ "ಒಂದು ಕಟ್ಟು ಹಾಕು" ಎಂದರು, ಅಷ್ಟೆ.

ರೇಟು ಕಿಲೋಗೆ ಏಳು ರೂಪಾಯಿ ಜಾಸ್ತಿ. ಮೊದಲ ದಿನವೇ ರೇಟಿನಿಂದ ಮಾತು ಶುರು ಮಾಡಿದ್ದರೆ ನಾನು ಅಲ್ಲಿಗೇ ಮುಗಿಸುತ್ತಿದ್ದೆ. ಈಗ ಮೂರೂವರೆ ಕಿಲೋ ಉದ್ದು ಹಾಕುತ್ತಿದ್ದ ಕಡೆ ಮೂರು ಕಿಲೋ ಸಾಕು, ಇಡ್ಲಿಯೂ ಮೆತ್ತಗೆ. ಏಳು ರೂಪಾಯಿ ಜಾಸ್ತಿ ಕೊಟ್ಟೂ ಉಳಿತಾಯವೇ. ಆವತ್ತು ಅವನು ಅಕ್ಕಿ ಬೇಕಾ, ಎಣ್ಣೆ ಬೇಕಾ ಎಂದು ಕೇಳಲೂ ಇಲ್ಲ. ಮುಂದಿನ ವಾರ ನಾನೇ ಕೇಳಿದೆ.

ಬಿಲ್ಲಿನ ವಿಷಯದಲ್ಲಿ ಇವರಿಗೆ ಪೂರ್ತಿ ಮಾರ್ಕು ಕೊಡುತ್ತೇನೆ, ಹೋಟೆಲ್ ಇಟ್ಟವರು ಇದನ್ನು ಸ್ವಲ್ಪ ನಿಧಾನಕ್ಕೆ ಓದಿ. ನಮ್ಮಂಥ ಹೋಟೆಲುಗಳು ಶೇ. 5ರ ಲೆಕ್ಕದಲ್ಲಿ ಜಿಎಸ್‌ಟಿ ಕಟ್ಟುವವರು. ಸಣ್ಣ ವ್ಯಾಪಾರಿಗಳಿಗೆಂದು ಇರುವ ಕಾಂಪೊಸಿಷನ್ ಸ್ಕೀಮ್ ಇರಲಿ, ಸಾಮಾನ್ಯ ರಿಜಿಸ್ಟ್ರೇಶನ್ ಇರಲಿ, ಸಾಮಾನು ತರಿಸುವಾಗ ಕೊಟ್ಟ ತೆರಿಗೆ ನಮಗೆ ವಾಪಸು ಸಿಕ್ಕುವುದಿಲ್ಲ. ಅಂಗಡಿಯವರಿಗೆ 'ಜಿಎಸ್‌ಟಿ ಬೇರೆ' ಎಂದರೆ ನಡೆಯುತ್ತದೆ, ಅವರು ಅದನ್ನು ಇನ್‌ಪುಟ್ ಎಂದು ತಾವು ಕಟ್ಟುವ ತೆರಿಗೆಯಲ್ಲಿ ಕಳೆಯುತ್ತಾರೆ. ನಮಗೆ ಅದೂ ಸಾಮಾನಿನ ಕ್ರಯವೇ. ಎರಡು ರೂಪಾಯಿ ಕಮ್ಮಿ ಎಂದು ಬಂದವರ ಲಿಸ್ಟಿನಲ್ಲಿ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 'ತೆರಿಗೆ ಪ್ರತ್ಯೇಕ' ಎಂದಿರುತ್ತದೆ. ಇವರು ಮೊದಲಿನಿಂದಲೂ ಹೋಟೆಲಿಗೆ ಬಂದು ಇಳಿಯುವಾಗ ಎಷ್ಟು ಬೀಳುತ್ತದೋ ಆ ರೇಟನ್ನೇ ಹೇಳುತ್ತಾರೆ.

ಅಕ್ಕಿಯದ್ದೂ ಹೀಗೆ. 2022ರ ಜುಲೈ 18ರಿಂದ ಲೇಬಲ್ ಹಾಕಿ ಪ್ಯಾಕ್ ಮಾಡಿದ ಅಕ್ಕಿ-ಬೇಳೆ 25 ಕಿಲೋ ತನಕ ಇದ್ದರೆ ಶೇ. 5 ತೆರಿಗೆ, ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. ಮಾರ್ಕೆಟಿನಲ್ಲಿ 26 ಕಿಲೋದ ಚೀಲ ಹುಟ್ಟಿಕೊಂಡದ್ದು ಹಾಗೆ. ನಾನು 25 ಕಿಲೋದ ಬೆಳ್ತಿಗೆ ಅಕ್ಕಿ ಬರೆಸಿದಾಗ ಹುಡುಗ ತಾನಾಗಿಯೇ "ಅಕ್ಕಾ, ಹೋಟೆಲಿಗೆ ಯಾಕೆ ಇದು, ದೊಡ್ಡ ಚೀಲ ತೆಗೊಳ್ಳಿ" ಎಂದು ತಿದ್ದಿದ. 2025ರ ಸೆಪ್ಟೆಂಬರ್ 22ರಿಂದ ತುಪ್ಪ, ಬೆಣ್ಣೆಯ ತೆರಿಗೆ ಶೇ. 12ರಿಂದ 5ಕ್ಕೆ ಇಳಿಯಿತಲ್ಲ, ಆ ವಾರವೇ ಇವರ ಬಿಲ್ಲಿನಲ್ಲಿ ತುಪ್ಪದ ರೇಟು ಇಳಿದಿತ್ತು. ಇನ್ನೊಬ್ಬ ಸಪ್ಲೈಯರು 'ಹಳೆ ಸ್ಟಾಕ್ ಮುಗಿಯಲಿ' ಎನ್ನುತ್ತಾ ದೀಪಾವಳಿ ತನಕ ಎಳೆದರು.

ಬಿಲ್ಲಿನಲ್ಲಿ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಲೈಸನ್ಸಿನ 14 ಅಂಕಿಯ ನಂಬ್ರ ಇರುತ್ತದೆ. 2022ರ ಜನವರಿಯಿಂದ ಅದು ಕಡ್ಡಾಯವೇ, ಆದರೂ ಕೈಬರಹದ ಚೀಟಿಯಲ್ಲಿ ಸಾಮಾನು ಇಳಿಸುವವರು ಈಗಲೂ ಇದ್ದಾರೆ. ಚೆರುವತ್ತೂರಿನಲ್ಲಿ 2022ರ ಮೇ ತಿಂಗಳಲ್ಲಿ ಶವರ್ಮಾ ತಿಂದು ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡ ಮೇಲೆ ನಮ್ಮ ಜಿಲ್ಲೆಯಲ್ಲಿ ತಪಾಸಣೆ ಜೋರು. ಕೆಲಸದವರ ಹೆಲ್ತ್ ಕಾರ್ಡ್ ನೋಡಿದ ಮೇಲೆ ಮುಂದಿನ ಪ್ರಶ್ನೆ, ಈ ಎಣ್ಣೆ ಎಲ್ಲಿಂದ, ಬಿಲ್ಲು ತೋರಿಸಿ. ಫೈಲು ತೆಗೆದು ಎದುರಿಗಿಡುವಂತಿದ್ದರೆ ಮಾತು ಅಲ್ಲಿಗೇ ಮುಗಿಯುತ್ತದೆ.

ಇಳಿಸುವ ಕೂಲಿಯ ಬಗ್ಗೆಯೂ ಮೊದಲೇ ಮಾತಾಡಿಕೊಂಡರು, ಚುಮಟ್ಟಿನವರ, ಅಂದರೆ ಹೊರೆ ಇಳಿಸುವವರ ಲೆಕ್ಕ ಡಿಸ್ಟ್ರಿಬ್ಯೂಟರದ್ದೇ. ಗಾಡಿ ಬಾಗಿಲಿಗೆ ಬಂದು ನಿಂತ ಮೇಲೆ 'ಅಕ್ಕಾ, ಇಳಿಸುವವರಿಗೆ ಕೊಡಿ' ಎನ್ನುವ ರಗಳೆ ಇಲ್ಲ.

ಸಾಲದ ಕ್ರಮ ಬಿಲ್ ಟು ಬಿಲ್. ಹೊಸ ಲೋಡು ಇಳಿಯುವಾಗ ಹಿಂದಿನ ಬಿಲ್ಲು ಚುಕ್ತಾ. ಸ್ವಲ್ಪ ಸಮಯ ಕಳೆದ ಮೇಲೆ 15 ದಿನದ ಅವಧಿ ಕೊಟ್ಟರು. ಅದಕ್ಕೆ ಮೊದಲು ಪೇಟೆಯ ಎರಡು ಅಂಗಡಿಗಳಲ್ಲಿ ನಮ್ಮ ಬಗ್ಗೆ ವಿಚಾರಿಸಿದ್ದಾರೆ ಎಂದು ಆಮೇಲೆ ಗೊತ್ತಾಯಿತು. ನಮ್ಮವರಿಗೆ ಸಿಟ್ಟು ಬಂತು. ನನಗೇನೂ ಅನ್ನಿಸಲಿಲ್ಲ. ಈ ವ್ಯಾಪಾರದಲ್ಲಿ ಹೊಸ ಗಿರಾಕಿ ಸಿಕ್ಕಿದನೆಂದು ಕುಣಿದು, ಕಡ ಕೊಟ್ಟು, ಹೋಟೆಲಿಗೆ ಬೀಗ ಬಿದ್ದ ಮೇಲೆ ಬಾಗಿಲು ಬಡಿದವರ ಕಥೆ ಎಷ್ಟು ಬೇಕು? ವಿಚಾರಿಸದೆ ಸಾಲ ಕೊಡುವವರ ಬಗ್ಗೆಯೇ ನನಗೆ ಅನುಮಾನ. ಅವರು ಆ ನಷ್ಟವನ್ನು ನಮ್ಮಂಥವರ ರೇಟಿನಲ್ಲೇ ತೆಗೆಯಬೇಕಲ್ಲ.

ಇವರ ಹೊಟ್ಟೆಪಾಡೂ ನನಗೆ ಅರ್ಥವಾಗುತ್ತದೆ. ಅಕ್ಕಿ-ಬೇಳೆಯಲ್ಲಿ ಡಿಸ್ಟ್ರಿಬ್ಯೂಟರಿಗೆ ಉಳಿಯುವುದು ಅಲ್ಪ. ಮಸಾಲೆ ಪುಡಿ, ಸಾಸು, ಟಿಶ್ಯೂ, ಪಾರ್ಸೆಲ್ ಡಬ್ಬಿ, ಇವುಗಳಲ್ಲಿ ಲಾಭ. ಉದ್ದು ಕೊಟ್ಟು ಒಳಗೆ ಬಂದು ಮೆಣಸಿನ ಪುಡಿಯಲ್ಲಿ ದುಡಿಯುವುದು ಅವರ ಲೆಕ್ಕ. ಅದರಲ್ಲಿ ತಪ್ಪೇನಿಲ್ಲ, ಪುಡಿ ಚೆನ್ನಾಗಿದ್ದರೆ ತೆಗೆದುಕೊಳ್ಳುತ್ತೇನೆ. ಬ್ಯಾಡಗಿ ಮೆಣಸಿನ ಪುಡಿ ಪರವಾಗಿಲ್ಲ, ಬಣ್ಣ ಉಂಟು. ಸಾಂಬಾರು ಪುಡಿ ಬೇಡ. ಅದು ತಮಿಳುನಾಡಿನ ಸಾಂಬಾರಿನ ರುಚಿ, ನಮ್ಮ ಕಡೆಯ ಸಾಂಬಾರು ಕೊದ್ದೆಲಿಗೆ ಹೊಂದುವುದಿಲ್ಲ. ತೆಂಗಿನೆಣ್ಣೆ ಇವರ ಹತ್ತಿರ ಮಾತ್ರವಲ್ಲ, ಯಾರ ಹತ್ತಿರವೂ ತೆಗೆದುಕೊಳ್ಳುವುದಿಲ್ಲ. ಕಲಬೆರಕೆಯೆಂದು ಕೇರಳ ಸರಕಾರ 2018ರಲ್ಲಿ ಸಾಲು ಸಾಲು ಬ್ರಾಂಡುಗಳನ್ನು ನಿಷೇಧಿಸಿದ್ದು ನೆನಪುಂಟಲ್ಲ. 2025ರಲ್ಲಿ ಲೀಟರಿಗೆ 400 ರೂಪಾಯಿ ದಾಟಿದಾಗಲೂ ನಾವು ಕೊಬ್ಬರಿ ಮಿಲ್ಲಿಗೆ ಕೊಟ್ಟೇ ಮಾಡಿಸಿದ್ದು. ಹುಡುಗನಿಗೆ ಒಮ್ಮೆ ಹೇಳಿದೆ, ಮತ್ತೆ ಆ ಮಾತೆತ್ತಲಿಲ್ಲ.

ಈಗ ದೂರು.

ಹೆಣ್ಣು ನೋಡಲು ಬಂದಾಗಿನ ಮಾತು ಮದುವೆ ಕಳೆದ ಮೇಲೆ ಇರುವುದಿಲ್ಲ ಎನ್ನುತ್ತಾರಲ್ಲ, ಇವರದ್ದೂ ಅದೇ. ನಾವು ವಾರ ವಾರ ಸರಿಯಾಗಿ ಆರ್ಡರು ಕೊಡಲು ಶುರು ಮಾಡಿದ್ದೇ ತಡ, ಆ ಹುಡುಗನನ್ನು ಉಪ್ಪಳ-ಮಂಜೇಶ್ವರ ಲೈನಿಗೆ ಹಾಕಿದರು, ಅಲ್ಲಿ ಹೊಸ ಹೋಟೆಲು ಹಿಡಿಯಲು. ಹೋಗುವ ಮೊದಲು ಚಾ ಕುಡಿಯುತ್ತಾ ಅವನೇ ಹೇಳಿದ ಮಾತಿನಲ್ಲಿ ಗುಟ್ಟು ಗೊತ್ತಾಯಿತು. ಇನ್ಸೆಂಟಿವ್ ಇರುವುದು ಹೊಸ ಗಿರಾಕಿಗೆ, ಮತ್ತು ಒಂದು ಬಿಲ್ಲಿನಲ್ಲಿ ಎಷ್ಟು ಬಗೆಯ ಸಾಮಾನು ಹೋಯಿತು ಎಂಬುದಕ್ಕೆ. ಹಳೆ ಗಿರಾಕಿ ಖುಷಿಯಾಗಿದ್ದಾನಾ ಎಂಬುದಕ್ಕೆ ನಯಾಪೈಸೆ ಇಲ್ಲ. ಕಂಪೆನಿ ಯಾವುದಕ್ಕೆ ದುಡ್ಡು ಕೊಡುತ್ತದೋ ಸೇಲ್ಸಿನವರು ಅದನ್ನು ಮಾಡುತ್ತಾರೆ, ಮತ್ತೇನು.

ಹಾಗಾಗಿ ಆಮೇಲೆ ಬಂದವನು ಕೈಯಲ್ಲಿ ಮೊಬೈಲು ಹಿಡಿದು, ಅದರಲ್ಲಿ ಬಂದದ್ದನ್ನೆಲ್ಲ ಓದುತ್ತಾನೆ. "ಅಕ್ಕಾ, ಮಯೊನೈಸ್ ಸ್ಕೀಮ್ ಉಂಟು, ಹತ್ತಕ್ಕೆ ಒಂದು ಫ್ರೀ." ಇಲ್ಲಿ ಮಯೊನೈಸ್ ಯಾವುದಕ್ಕೆ ಹಾಕುವುದು, ಪತ್ರೊಡೆಗಾ? ಫ್ರೋಜನ್ ಪೊರೊಟ್ಟ ಬೇಕಾ ಎಂದು ಕೇಳಿದ, ನಮ್ಮಲ್ಲಿ ಅದನ್ನಿಡುವ ಫ್ರೀಜರೇ ಇಲ್ಲ. ತಲೆ ಎತ್ತಿ ಅಡಿಗೆಮನೆ ಕಡೆ ಒಮ್ಮೆ ನೋಡಿದ್ದರೆ ಗೊತ್ತಾಗುತ್ತಿತ್ತು. ಬರುತ್ತಿದ್ದದ್ದೂ ಬೆಳಿಗ್ಗೆ ಒಂಬತ್ತಕ್ಕೆ.

ಅದಕ್ಕಿಂತ ದೊಡ್ಡದು ಮೈದಾದ ಕಥೆ. ನಾವು ಬರೆಸಿದ ಬ್ರಾಂಡು ಗೋದಾಮಿನಲ್ಲಿ ಮುಗಿದಿತ್ತಂತೆ, ಒಂದು ಫೋನೂ ಮಾಡದೆ ಬೇರೆ ಬ್ರಾಂಡು ಹಾಕಿ ಕಳಿಸಿದರು. ಚೀಲದ ಬಣ್ಣ ಹೆಚ್ಚುಕಮ್ಮಿ ಒಂದೇ, ಊಟದ ಗಡಿಬಿಡಿಯಲ್ಲಿ ಇಳಿಸಿಕೊಂಡ ಕೆಲಸದವನಿಗೆ ಗೊತ್ತಾಗಲಿಲ್ಲ. ಬನ್ಸಿನ ಹಿಟ್ಟು ರಾತ್ರಿಯೇ ಕಲಸಿಡುವುದು. ಬಾಳೆಹಣ್ಣು, ಮೊಸರು, ಸಕ್ಕರೆ ಸೇರಿ ಅದು ಬೆಳಗಾಗುವಾಗ ಮೆತ್ತಗೆ ಮೇಲೆದ್ದಿರಬೇಕು. ಆವತ್ತು ಬೆಳಿಗ್ಗೆ ಮುಚ್ಚಳ ತೆಗೆದರೆ ಹಿಟ್ಟು ಜಾರಿ ಪಾತ್ರೆಯ ಅಂಚಿಗೆ ಹೋಗಿತ್ತು. ಲಟ್ಟಿಸಲು ಹೋದರೆ ಕೋಲಿಗೆ ಅಂಟುತ್ತದೆ. ಹಿಟ್ಟು ಸೇರಿಸಿ ಸೇರಿಸಿ ಲಟ್ಟಿಸಿ ಎಣ್ಣೆಗೆ ಬಿಟ್ಟರೆ ಉಬ್ಬಲಿಲ್ಲ, ಎಣ್ಣೆ ಕುಡಿದು ಚಪ್ಪಟೆಯಾಗಿ ಬಿದ್ದಿತು. ಕಾಲೇಜಿಗೆ ಹೋಗುವ ಮಕ್ಕಳು ಬಸ್ಸಿನ ಹೊತ್ತಿಗೆ ಬಂದು "ಬನ್ಸ್ ಇಲ್ವಾ ಆಂಟೀ" ಎಂದು ಕೇಳಿ, ಇಲ್ಲವೆಂದಾಗ ಎದುರಿನ ಹೋಟೆಲಿಗೆ ಹೋದರು. ನಮ್ಮಲ್ಲಿ ಬೆಳಿಗ್ಗೆ ಮೊದಲು ಖರ್ಚಾಗುವುದೇ ಬನ್ಸ್.

ಆಫೀಸಿಗೆ ಫೋನು ಮಾಡಿದರೆ 'ಅದೂ ಒಳ್ಳೆಯ ಮೈದಾ' ಎಂದರು. ಒಳ್ಳೆಯದೇ ಇರಬಹುದು, ಬಿಸ್ಕತ್ತಿಗೆ. ಒಡೆಯದ ಚೀಲಗಳನ್ನು ಮರುದಿನವೇ ತೆಗೆದುಕೊಂಡು ಹೋದರು, ಅದನ್ನು ಒಪ್ಪಿಕೊಳ್ಳುತ್ತೇನೆ. ಒಡೆದ ಚೀಲಕ್ಕೆ ಕ್ರೆಡಿಟ್ ನೋಟ್ ಕೊಡುತ್ತೇವೆ ಎಂದವರು ಅದನ್ನು ಬಿಲ್ಲಿನಲ್ಲಿ ಕಳೆಯುವಾಗ ಎರಡು ತಿಂಗಳು ದಾಟಿತ್ತು, ಅದೂ ನಾನು ಪ್ರತಿ ಲೋಡಿಗೂ ನೆನಪಿಸಿದ ಮೇಲೆ. ಸಾಲ ವಸೂಲಿಗೆ 16ನೇ ದಿನ ಬೆಳಿಗ್ಗೆ ಫೋನು ಬರುತ್ತದೆ, ಕೊಡುವಾಗ ಮಾತ್ರ 'ಸಿಸ್ಟಮ್ಮಿನಲ್ಲಿ ಅಪ್‌ಡೇಟ್ ಆಗಬೇಕು'.

ಗಾಡಿ ಬರುವ ಹೊತ್ತೂ ತೊಂದರೆಯೇ. ಪೆರ್ಲ ಇವರ ಲೈನಿನ ಕೊನೆಗೆ, ಹಾಗಾಗಿ ಸರಿಯಾಗಿ ಊಟದ ಹೊತ್ತಿಗೆ ಬಂದು ನಿಲ್ಲುತ್ತದೆ. ಹೇಳಿದರೆ ಎರಡು ವಾರ ಸರಿಯಾಗುತ್ತದೆ, ಮೂರನೇ ವಾರ ಮೊದಲಿನ ಹಾಗೆ. ಕಮ್ಮಿಯಲ್ಲಿ ಕಮ್ಮಿ 5,000 ರೂಪಾಯಿಯ ಆರ್ಡರು ಇರಬೇಕು ಎಂಬ ನಿಯಮ ನಮಗೆ ಅಡ್ಡಿಯಿಲ್ಲ. ಗೂಡಂಗಡಿ, ಚಾದಂಗಡಿಯವರಿಗೆ ಕಷ್ಟ.

ಅಡಿಗೆ ವಹಿಸಿಕೊಳ್ಳುವವರಿಗೆ ಒಂದು ಒಳ್ಳೆಯ ಸುದ್ದಿ ಉಂಟು. ನಮ್ಮ ಭಾವ ಮದುವೆ, ಉಪನಯನ, ಬ್ರಹ್ಮಕಲಶಕ್ಕೆಲ್ಲ ಅಡಿಗೆ ವಹಿಸಿಕೊಳ್ಳುವವರು. ದೇವಸ್ಥಾನದ ಕೆಲಸದಲ್ಲಿ ಜನ ಎಷ್ಟು ಬರುತ್ತಾರೆಂದು ಯಾರಿಗೂ ಸರಿಯಾಗಿ ಹೇಳಲಾಗುವುದಿಲ್ಲ. ಕಮ್ಮಿ ಬಿದ್ದರೆ ಮರ್ಯಾದೆ ಹೋಗುತ್ತದೆ, ಹೆಚ್ಚು ತರಿಸಿದರೆ ಉಳಿದ ಚೀಲ ಯಾರ ತಲೆಗೆ ಎಂದು ಸಮಿತಿಯವರು ಜಗಳಕ್ಕೆ ನಿಲ್ಲುತ್ತಾರೆ. ಇವರು ಬಾಯಿ ಒಡೆಯದ ಚೀಲವನ್ನು ಕಾರ್ಯಕ್ರಮ ಕಳೆದ ಮೇಲೆ ಅದೇ ರೇಟಿಗೆ ವಾಪಸು ತೆಗೆದುಕೊಳ್ಳುತ್ತಾರೆ, ಬರೆದು ಕೊಡುತ್ತಾರೆ. ಈ ಒಂದು ಮಾತಿನಿಂದ ಭಾವನ ಕಡೆಯ ಅಡಿಗೆಯವರು ಸುಮಾರು ಜನ ಇವರ ಗಿರಾಕಿಗಳಾದರು. ರೇಟಿನಲ್ಲಿ ಇವರು ಎಲ್ಲರಿಗಿಂತ ಕಮ್ಮಿಯೇನಲ್ಲ, ಭಾವನೇ ಹೇಳುತ್ತಾರೆ. ಆದರೆ ಸಮಿತಿಯ ಲೆಕ್ಕಪತ್ರದ ದಿನ ನೆಮ್ಮದಿ. ಮಳೆಗಾಲದಲ್ಲಿ ಮಾತ್ರ ಈ ಸೌಕರ್ಯ ಇಲ್ಲ, ಗಾಳಿಯಾಡದ ಕೋಣೆಯಲ್ಲಿಟ್ಟ ಚೀಲ ತಂಡಿ ಎಳೆದಿರುತ್ತದೆಂದು ತೆಗೆದುಕೊಳ್ಳುವುದಿಲ್ಲ.

ಈ ಲೈನಿನಲ್ಲಿ ಹೊಸದಾಗಿ ಇವರ ಹತ್ತಿರ ತರಿಸಲು ಹೊರಟವರು ಮೊದಲ ಆರ್ಡರಿಗೆ ಮುಂಚೆಯೇ ಎರಡು ವಿಷಯ ಬಾಯಿಬಿಟ್ಟು ಕೇಳಿ. ಬರೆಸಿದ ಬ್ರಾಂಡು ಇಲ್ಲದಿದ್ದರೆ ಫೋನು ಮಾಡದೆ ಬೇರೆ ಹಾಕಬಾರದು ಎಂದು ಆರ್ಡರಿನಲ್ಲೇ ಬರೆಸಿ. ಮೈದಾದ ಕಥೆ ಆದ ಮೇಲೆ ನಾನು ಹಾಗೆ ಬರೆಸಿದ್ದೇನೆ, ಆಮೇಲೆ ತಪ್ಪಿಲ್ಲ. ಮತ್ತೆ, ಸೇಲ್ಸಿನ ಹುಡುಗನ ನಂಬ್ರದ ಜೊತೆ ಗೋದಾಮಿನಲ್ಲಿ ಲೋಡು ಕಟ್ಟುವವರ ನಂಬ್ರವನ್ನೂ ತೆಗೆದುಕೊಳ್ಳಿ. ಹುಡುಗ ಬದಲಾಗುತ್ತಾನೆ, ಲೋಡು ಕಟ್ಟುವವರು ಅಲ್ಲೇ ಇರುತ್ತಾರೆ.

ಸದ್ಯಕ್ಕೆ ನಾನು ಇವರ ಹತ್ತಿರ ತೆಗೆದುಕೊಳ್ಳುವುದು ಉದ್ದು, ಬೆಳ್ತಿಗೆ, ಮೈದಾ, ತುಪ್ಪ, ಮೆಣಸಿನ ಪುಡಿ. ಕುಚ್ಚಲಕ್ಕಿ, ಬೆಲ್ಲ, ಕಡಲೆಬೇಳೆ ಈಗಲೂ ವಿಟ್ಲದಿಂದಲೇ. ಹೊಸ ಹುಡುಗನಿಗೆ ಮಧ್ಯಾಹ್ನ ಮೂರೂವರೆಗೆ ಬಾ ಎಂದು ಹೇಳಿದ್ದೇನೆ, ಈಗೀಗ ಬರುತ್ತಿದ್ದಾನೆ. ಚಾದ ದುಡ್ಡು ಕೊಡುವುದಿಲ್ಲ, ಇರಲಿ.